ಬಲೆಗಂಟು

ಹೊಲಿಯಬೇಕಾಗಿದ್ದವಳು ನಾನು, ಲವೀನಿಯಾ.
ಆದರೆ ಹತ್ತೊಂಬತ್ತು ವರ್ಷ ಮೀನಿನ ಕಾರ್ಖಾನೆಯಲ್ಲಿ
ಹಿಮದಂಥ ನೀರಿಗೆ ಕೈಯಿಟ್ಟು ಕಾಡ್ ಮೀನು ಸೀಳಿದ ಬೆರಳು,
ಹಿಡಿದ ಸೂಜಿ ಇದೆಯೋ ಜಾರಿತೋ
ಈಗದಕ್ಕೆ ತಿಳಿಯುವುದಿಲ್ಲ.

ಇನ್ನು ಕಡಲಿಗಿಳಿಯಬೇಡಿ ಎಂದು
ಆ ಜುಲೈನಲ್ಲಿ ಸರ್ಕಾರ ರೇಡಿಯೋದಲ್ಲಿ ಹೇಳಿತಲ್ಲ,
ನ್ಯೂಫೌಂಡ್‌ಲ್ಯಾಂಡಿನ ಈ ಸಣ್ಣ ಕೊಲ್ಲಿಯ ದೋಣಿಗಳೆಲ್ಲ
ದಡದ ಮೇಲೆ ಬೋರಲು ಬಿದ್ದವಲ್ಲ,
ಆಗ ನಿನ್ನಪ್ಪ ಅಡುಗೆಮನೆಗೆ ಬಂದು ಕೂತ.
ಮದುವೆಯಾದ ಮೇಲೆ ಮೊದಲ ಸಲ,
ಹಗಲಲ್ಲಿ.
"ಕೊಡು ಇಲ್ಲಿ" ಅಂದ.
"ಬಲೆ ಹೆಣೆದವನಿಗೆ ಕೌದಿ ಯಾವ ಲೆಕ್ಕ?"

ಲೆಕ್ಕವೇ ಹತ್ತಲಿಲ್ಲ ಆ ಮನುಷ್ಯನಿಗೆ.
ಬಟ್ಟೆಯ ಒಳಮೈ ಯಾವುದು, ಹೊರಮೈ ಯಾವುದು ಎಂದು
ಮೀನು ಮಗುಚಿದಂತೆ ಮಗುಚಿ ಮಗುಚಿ ನೋಡಿದ.
ಚೌಕ ಕತ್ತರಿಸು ಅಂದರೆ
ದೋಣಿಯ ಪಕ್ಕೆಯ ಹಾಗೆ ಬಾಗಿದ ತುಂಡು.
ನಾನು ಬೈದೆ. ಅವನು ನಕ್ಕ.
ನಾಲ್ಕನೇ ದಿನ ನಗುವುದನ್ನು ಬಿಟ್ಟು
ಕನ್ನಡಕ ಹಾಕಿಕೊಂಡ.

ನಿನ್ನ ಶಾಲೆಯ ನೀಲಿ ಲಂಗ.
ಹಿಟ್ಟಿನ ಚೀಲದಿಂದ ಅಜ್ಜಿ ಹೊಲಿದುಕೊಂಡಿದ್ದ ಏಪ್ರನ್,
ಎಷ್ಟು ಒಗೆದರೂ ಗಿರಣಿಯ ಹೆಸರು ಬಿಟ್ಟಿರಲಿಲ್ಲ.
ಅವನ ಫ್ಲಾನೆಲ್ ಅಂಗಿ, ಮೊಣಕೈ ಬಿಟ್ಟು ಉಳಿದದ್ದು.
ಕಡಲು ಹಿಂದಕ್ಕೆ ಕೊಡದ ಎಲೈ ಚಿಕ್ಕಪ್ಪನ
ಭಾನುವಾರದ ಟೈ.
ಅದೊಂದು ಬೇಡ ಅಂದೆ.
ಆಯಿತು ಎಂದು ತಲೆಯಾಡಿಸಿ
ನಟ್ಟನಡುವೆ ಹಾಕಿದ.

ಈಗ ಹೇಳಬಹುದು ನಿನಗೆ:
ಒಂದು ರಾತ್ರಿ ಅವನು ಗೊರಕೆ ಹೊಡೆಯುವಾಗ
ಕತ್ತರಿ ಹಿಡಿದು ಕೆಳಗಿಳಿದು ಬಂದೆ.
ಇಂಥದ್ದನ್ನು ಕೊಟ್ಟು ಕಳಿಸಿದರೆ
ಅಲ್ಲಿನವರು ತಾಯಿಯನ್ನಲ್ಲವೇ ಆಡಿಕೊಳ್ಳುವುದು?
ಹೊಲಿಗೆ ಬಿಚ್ಚಿ, ಬೆರಳು ನೊಂದರೂ ಸರಿ,
ನಾನೇ ಮತ್ತೆ ಹಾಕೋಣ ಅಂತ.
ಒಂದೂ ಬಿಚ್ಚಲಿಲ್ಲ.
ಪ್ರತಿ ಹೊಲಿಗೆಯ ಕೊನೆಗೂ ಬಲೆಗಂಟು,
ಎಳೆದಷ್ಟೂ ಬಿಗಿ.
ಬೆಳಗ್ಗೆ ಅವನು ಆ ಜಾಗವನ್ನು ಸವರಿ ನೋಡಿ
ಸುಮ್ಮನೆ ಚಹಾ ಕುಡಿದ.

ಮುಗಿದ ದಿನ ನಿನ್ನನ್ನು ಬೆಂಚಿನ ಮೇಲೆ ಮಲಗಿಸಿ
ಹೊದೆಸಿ ನೋಡಿದೆವಲ್ಲ.
ಗದ್ದದಿಂದ ಹಿಡಿದು ಮೊಣಕಾಲು ದಾಟಿ
ಅಲ್ಲಿಗೆ ನಿಂತಿತು.
ನೀನು ಬಿದ್ದು ಬಿದ್ದು ನಕ್ಕೆ, ಪಾದ ಕುಣಿಸಿದೆ.
ಅವನು ನಗಲಿಲ್ಲ.
ಬಾಗಿಲ ಚೌಕಟ್ಟಿನ ಮೇಲೆ ತಾನೇ ಗೀಚಿದ್ದ
ನಿನ್ನ ಹನ್ನೆರಡರ ಗೆರೆಯನ್ನು ಅಳತೆಗೆ ಹಿಡಿದಿದ್ದ, ಪಾಪ.
ಆಮೇಲಿನ ಗೆರೆಗಳು ಇರಲೇ ಇಲ್ಲ.
ಆರು ಬೇಸಿಗೆ ಅವನು ನೀರಿನ ಮೇಲಿದ್ದ,
ನೀನು ನೆಲದ ಮೇಲೆ ಬೆಳೆಯುತ್ತಿದ್ದೆ.

ಇನ್ನೊಂದು ಪಟ್ಟಿ ಸೇರಿಸಬೇಕು. ಬಟ್ಟೆಯೋ, ತೀರಿತ್ತು.
ಮನೆಯೆಲ್ಲ ತಡಕಿ ಕೊನೆಗೆ
ಮೇಲಿನ ಕೋಣೆಯ ಕಿಟಕಿಗೆ ಹೋಗಿ
ಹಳದಿ ಪರದೆ ಕಿತ್ತುಕೊಂಡು ಬಂದ.
ಗಾಳಿ ಎದ್ದ ರಾತ್ರಿಗಳಲ್ಲಿ ಸರಿಸಿ ಸರಿಸಿ
ಅವನ ದೀಪ ಕಾಣುತ್ತದೇನೋ ಎಂದು ನಾನು ನೋಡುತ್ತಿದ್ದ ಪರದೆ.
ನನ್ನ ಮುಷ್ಟಿ ಹಿಡಿದಲ್ಲಿ ಬಣ್ಣ ಹೋಗಿತ್ತು.
"ಇನ್ನೇಕೆ ಇದು" ಅಂದ.
ಹೌದು, ಇನ್ನೇಕೆ.

ಈಗ ನೀನಿರುವುದು ಆಲ್ಬರ್ಟಾದಲ್ಲಿ,
ಸಾವಿರಾರು ಮೈಲಿ ಆಚೆ, ಕಡಲೇ ಕಾಣದ ಬಯಲಲ್ಲಿ,
ದನದ ಮಾಂಸದ ಕಾರ್ಖಾನೆಯಲ್ಲಿ.
ಕತ್ತಿ ಅದೇ, ಮೈ ಬೇರೆ.
ಫೋನಿನಲ್ಲಿ ನೀನು ಅತ್ತೆಯಾ, ನೆಗಡಿಯಾ,
ನಾನು ಕೇಳಲಿಲ್ಲ.
ಅಪ್ಪ ಕೇಳಿದ್ದು ಒಂದೇ:
"ಕಾಲು ಮುಚ್ಚುತ್ತದೆಯೇ?"

ಇಲ್ಲಿ ಪರದೆಯಿಲ್ಲದ ಕಿಟಕಿಯಿಂದ
ಬೆಳಕು ಹರಿಯುವ ಹೊತ್ತಿಗೇ ಬಿಸಿಲು ಮುಖಕ್ಕೆ.
ಹೊಸದು ಹಾಕೋಣವೆಂದರೆ ಅವನು ಬೇಡವೆನ್ನುತ್ತಾನೆ.
ಎದ್ದು ಕೂತು,
"ಇಷ್ಟು ಬೇಗ ಎದ್ದು ಏನು ಮಾಡುವುದು?" ಅನ್ನುತ್ತಾನೆ.
ಚಹಾ ಮಾಡು, ಅನ್ನುತ್ತೇನೆ.