ಏಳನೆಯ ಕಲಂ

ಫೋನಿನಲ್ಲಿ ಮನೆ ಖಾಲಿಯಿತ್ತು.
ಬಾಗಿಲು ತೆರೆದು ಮುಖ ನೋಡಿದ ಮೇಲೆ
ಹೋಯಿತಲ್ಲ, ಈಗಷ್ಟೇ, ಅಂದರಂತೆ.
ಓಸ್ತ್ರಾವಾದ ಟ್ರಾಮಿನಿಂದಿಳಿದು
ಮಾರ್ಗಿತಾ ಫೆರ್ಕೋವಾ ನನ್ನ ಮೇಜಿಗೆ ಬಂದಾಗ
ತೊಟ್ಟಿಕ್ಕುವ ಕೊಡೆ ಕಂಕುಳಲ್ಲೇ ಇತ್ತು.

ಹೆಸರು, ಬೀದಿ, ತಾರೀಕು ಬರೆದಳು.
ಏಳನೆಯ ಕಲಮಿಗೆ ಪೆನ್ನು ನಿಂತಿತು.
ಯಾವ ಕಾರಣಕ್ಕೆ?
ಜನಾಂಗ. ವಯಸ್ಸು. ಧರ್ಮ. ಹೆಣ್ಣೆಂದು. ಅಂಗವೈಕಲ್ಯ.

‘ನಮ್ಮಜ್ಜಿಯನ್ನೂ ಹೀಗೇ ಬರೆದುಕೊಂಡರು,
ಚೊಕ್ಕ ಅಕ್ಷರ. ಆಮೇಲೆ ಲಾರಿ ಬಂತು.
ಪಟ್ಟಿ ಉಳಿಯಿತು.’

ನನ್ನ ಬಳಿ ಉತ್ತರವಿತ್ತು, ತರಬೇತಿಯಲ್ಲಿ ಕೊಟ್ಟದ್ದು;
ಗಂಟಲಲ್ಲೇ ಒಣಗಿತು.
ಡ್ರಾಯರ್ ಎಳೆದು ಹೆಸರಿಲ್ಲದ ಹಾಳೆಯೊಂದನ್ನು ತೋರಿಸಿದೆ:
ಅದೇ ಬೀದಿ, ಅದೇ ‘ಈಗಷ್ಟೇ ಹೋಯಿತು’,
ಮೂವತ್ತೊಂದು ಸಲ.
ಒಬ್ಬಳಿಗಾದರೆ ಹಣೆಬರಹ ಅನ್ನುತ್ತಾರೆ;
ಮೂವತ್ತೊಂದು ಹಣೆಗೂ ಒಂದೇ ಬರಹವಾದರೆ
ಬರೆದವನ ಕೈ ಹಿಡಿಯಬಹುದು.

ಕಾರಣದ ಜಾಗ ಖಾಲಿ ಬಿಟ್ಟವರು ಇನ್ನೂ ಜಾಸ್ತಿ.
ಕಸ ಗುಡಿಸಿ, ಬಸ್ಸು ಓಡಿಸಿ, ತೆರಿಗೆ ಕಟ್ಟಿ
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಬಹಳ ಹೊತ್ತು ಓದಿದಳು. ನೆಲದ ಮೇಲೆ ಕೊಡೆಯ ನೀರು.
‘ಇದರ ಬೀಗದಕೈ ಯಾರ ಹತ್ತಿರ?’
‘ನನ್ನ ಹತ್ತಿರ.’
‘ನಿನ್ನ ನಂತರ?’

ಸುಳ್ಳು ಹೇಳಲಾಗಲಿಲ್ಲ. ಗೊತ್ತಿಲ್ಲ, ಅಂದೆ.
ಬೀಗ ಹಾಕಿಸಿ, ತಾನೇ ಡ್ರಾಯರ್ ಎಳೆದು ನೋಡಿದಳು,
ಎರಡು ಸಲ.

ಆಮೇಲೆ ಗುರುತು ಹಾಕಿದಳು:
ಜನಾಂಗ. ಸ್ವಲ್ಪ ತಡೆದು, ಹೆಣ್ಣು.
ಅಂಚಿನಲ್ಲಿ, ಕಲಮೇ ಇಲ್ಲದ ಕಡೆ,
ಪುಟ್ಟದಾಗಿ ಅಜ್ಜಿಯ ಹೆಸರು.

ಅವಳು ಹೋದ ಮೇಲೆ ಮೂವತ್ತೆರಡು ಎಂದು ಬರೆದೆ.
ಮೂವತ್ತಮೂರು ಅನ್ನಬೇಕಿತ್ತೇ?