ಟರ್ನ್ ಅಪ್

ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಹಿಂದಿನ ಬೀದಿ.
ಈನಿಡ್ ಥ್ರಸಲಳ ಹೊಲಿಗೆಯಂಗಡಿ.
ಬಾಗಿಲ ಗಾಜಿನ ಮೇಲೆ ಓರೆ ಅಕ್ಷರದ ರಟ್ಟು:
ಪ್ಯಾಂಟು ಟರ್ನ್ ಅಪ್, ಆರು ಪೌಂಡು.

ಡೈನಿಯಸ್ ಓದಿದ. ಮತ್ತೊಮ್ಮೆ ಓದಿದ.
ಮೀನು ಕಾರ್ಖಾನೆಯ ಫೋರ್‌ಮನ್
ದಿನಾ ಒದರುವುದೂ ಇದೇ ಮಾತಲ್ಲವೆ:
ಆರಕ್ಕೆ ಟರ್ನ್ ಅಪ್ ಆಗದವನಿಗೆ ಕೂಲಿ ಇಲ್ಲ.
ಹಾಗಾದರೆ ಈ ಊರಲ್ಲಿ
ಪ್ಯಾಂಟೂ ಆರಕ್ಕೆ ಹಾಜರಾಗಬೇಕೇ?

ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ನಕ್ಕಳು ಈನಿಡ್.
ಅವನನ್ನು ಸ್ಟೂಲು ಹತ್ತಿಸಿ
ಪಾದದ ಬಳಿ ಬಟ್ಟೆ ಮೇಲಕ್ಕೆ ಮಡಚಿ, "ಇದು" ಅಂದಳು.
ಹೀಟರಿನ ಗುಂಡಿ ತಿರುವಿ
ಕಂಬಿ ಕೆಂಪಗಾದಾಗ, "ಇದೂ."
ಅಳತೆಪಟ್ಟಿ ಕಾಣದೆ ಮೇಜೆಲ್ಲ ತಡಕಾಡಿ
ಕೊನೆಗದು ತನ್ನ ಕೊರಳಲ್ಲೇ ಸಿಕ್ಕಾಗ
"ನೋಡು, ಇದೂ ಅದೇ ಕಣಪ್ಪ.
ಹುಡುಕುವುದು ಬಿಟ್ಟ ಮೇಲೆ ಆಗುವಂಥದು."

ಜೇಬಿನ ಪುಸ್ತಕ ತೆಗೆದು
ಲಿಥುವೇನಿಯದ ನುಡಿಯಲ್ಲಿ ಬರೆದುಕೊಂಡ:
ಮಡಿಸು. ಏರಿಸು. ಸಿಗು. ಬಾ.
ಎಂಥ ಜುಗ್ಗರಪ್ಪ ಇವರು,
ಒಂದೇ ಮಾತಿನಲ್ಲಿ ನಾಲ್ಕು ಸಂಸಾರ ನಡೆಸುತ್ತಾರೆ.

"ಪ್ಯಾಂಟು ನಿನ್ನದಲ್ಲ,"
ಸೊಂಟದ ಸಡಿಲು ಹಿಡಿದು ಅಂದಳು. ಕೇಳಿದ್ದಲ್ಲ.
"ಅಣ್ಣ ಜಿದ್ರೂನಸ್‌ದು. ನನಗಿಂತ ಉದ್ದ.
ಮಾರ್ಚಿನಲ್ಲಿ ಹಲ್‌ಗೆ ಹೋದ, ಎರಡು ದಿನದ ಕೆಲಸ."
ಆಮೇಲೆ, ಈಗಷ್ಟೇ ಕಲಿತದ್ದನ್ನು
ಒಂದೊಂದೇ ಜೋಡಿಸಿ:
"ಹೀ ಡಿಡ್ ನಾಟ್ ಟರ್ನ್ ಅಪ್."

ವ್ಯಾಕರಣ ಸರಿಯಾಗಿತ್ತು.

ಹೀಟರು ಗುಂಯ್‌ಗುಟ್ಟಿತು.
ಅವಳ ಬಳಿ ಇನ್ನೂ ಒಂದು ಪ್ರಯೋಗವಿತ್ತು,
ಅಪ್ಪನ ಟ್ರಾಲರು ಮರಳದ ವರ್ಷದ್ದು.
ಊಟದ ತಟ್ಟೆ ಒಂದು ಹೆಚ್ಚಿಗೆ ಇಡುತ್ತ
ಅಮ್ಮ ಹೇಳುವಳು, ದಿನಾ:
ಸಮ್‌ಥಿಂಗ್ ವಿಲ್ ಟರ್ನ್ ಅಪ್.
ಏನಾದರೂ. ಯಾರಾದರೂ ಅಲ್ಲ, ಏನಾದರೂ.
ಏಳನೇ ಚಳಿಗಾಲಕ್ಕೆ
ಡೆನ್ಮಾರ್ಕಿನ ಮರಳದಂಡೆಯಲ್ಲಿ ಒಂದು ಬೂಟು.
ತಟ್ಟೆ ಎತ್ತಿಟ್ಟಳು ಅಮ್ಮ.

ಈನಿಡ್ ಇದನ್ನು ಅವನಿಗೆ ಕಲಿಸಲಿಲ್ಲ.
ಕತ್ತರಿ ಕೈಗೆತ್ತಿಕೊಂಡು ಕೇಳಿದಳು:
"ಹೆಚ್ಚಿಗೆ ಇರುವ ನಾಲ್ಕಿಂಚು ತೆಗೆದುಬಿಡಲೆ?"
"ಬೇಡ," ಅಂದ, "ಒಳಗೇ ಇರಲಿ."

ಹಾಗೇ ಮಡಚಿ ಹೊಲಿದಳು,
ಮಿಷನ್ನಿನಲ್ಲಲ್ಲ, ಕೈಯಲ್ಲಿ, ದೂರ ದೂರದ ಹೊಲಿಗೆ,
ಒಂದೆಳೆ ಜಗ್ಗಿದರೆ ಪೂರಾ ಬಿಚ್ಚಿಕೊಳ್ಳಬೇಕು.
ಆರು ಪೌಂಡಿನಲ್ಲಿ ಎರಡು ವಾಪಸು ಕೊಟ್ಟಳು.
"ಕತ್ತರಿಯ ಕೂಲಿ" ಅಂದಳು,
"ಅದನ್ನು ಹಾಕಿಲ್ಲವಲ್ಲ."