ಇಪ್ಪತ್ತಾರಕ್ಕ ಇಡ್ರಿ

ಬಾಗಲಕೋಟಿ ನವನಗರದಾಗ
ನಮ್ಮ ಆಫೀಸು ಎರಡನೇ ಅಂತಸ್ತಿನ್ಯಾಗ,
ಮ್ಯಾಗ ಬರೇ ಸ್ಲ್ಯಾಬು, ಅದರ ಮ್ಯಾಗ ಬರೇ ಎಪ್ರಿಲ್ಲು.
ಮಷೀನು ಇರೂ ಖೋಲಿ ಕೀಲಿಕೈ ನನ್ನ ಹಂತೇಕ.
ಹೆಸರು ರಾಜೇಸಾಬ ನದಾಫ,
ಹುದ್ದೆ ಯಾವ ಕಾಗದದಾಗೂ ಇಲ್ಲ.

ಹುಬ್ಬಳ್ಳಿಯಿಂದ ಸುತ್ತೋಲೆ ಬಂತು:
ಇನ್ನ ಮ್ಯಾಲ ಇಪ್ಪತ್ತಾರು. ಕೆಳಗ ಇಳಿಸುವಂತಿಲ್ಲ.
ಒಂದೊಂದು ಡಿಗ್ರಿಗೂ ಇಷ್ಟಿಷ್ಟು ಉಳೀತೈತಿ ಅಂತ ಲೆಕ್ಕ.
ಉಳದದ್ದು ಎಲ್ಲಿ ಹೋಗತೈತಿ, ಬರದಿದ್ದಿಲ್ಲ.

ಹಂಚಾಟೆ ಸಾಹೇಬರಿಗೆ ಹದಿನೆಂಟು ಬೇಕು,
ಕೋಟು ಮಾತ್ರ ಬಿಚ್ಚೂದಿಲ್ಲ.
ಫೈಲಿನ ಪ್ರಭಾವತಿ ಮೇ ತಿಂಗಳಾಗ
ಸ್ವೆಟರ್ ಹಿಡಕೊಂಡು ಬರತಾಳ,
ರಿಕ್ಷಾದವ ನಗತಾನ.
ಕಂತು ಕಟ್ಟಾಕ ಬಿಸಿಲಾಗ ನಡದು ಬಂದವರು
ಬಾಗಲದಾಗ ನಿಂತು ಹಾ ಅಂತಾರ,
ಯಾರೂ ಸರಿಯೂದಿಲ್ಲ, ಬಾಗಲಾ ಮುಚ್ಚೂದಿಲ್ಲ,
ನನ್ನ ಥಂಡಿ ಮೆಟ್ಟಲಾ ಇಳದು ಬೀದಿಗೆ ಹೋಗತೈತಿ.

ಸುಳ್ಳು ಹೇಳೂದಿಲ್ಲ, ಸುಳ್ಳು ಮಾಡೀನಿ.
ಗ್ವಾಡಿಗೆ ಒಂದು ಬಿಳೇ ಡಬ್ಬಿ ಬಡದೀನಿ,
ಎರಡು ಗುಂಡಿ, ಒಂದು ನೀಲಿ ದೀಪ,
ಒಳಗಿನ ವಾಯರು ಎಲ್ಲಿಗೂ ಹೋಗೂದಿಲ್ಲ.
ಸಾಹೇಬರು ದಿನಾ ಹನ್ನೊಂದಕ್ಕ ಎದ್ದು ಬಂದು
ಮೂರು ಸಲ ಒತ್ತಿ, "ಈಗ ನೋಡು" ಅಂತಾರ.
ಖರೇನ ತಣ್ಣಗಾಗತಾರ.

ಕೆಲಸ ನಡಿಯೂದು ಬ್ಯಾರೆ ಕಡೆ.
ನಸುಕಿನ್ಯಾಗ ಬಂದು ಕಿಡಕಿ ತಗೀತೀನಿ,
ಹಿನ್ನೀರಿನ ಕಡೆಯಿಂದ ಬರೂ ಗಾಳಿಗೆ ಬಿಲ್ಲಿಲ್ಲ,
ಎಂಟೂವರೆಗೆ ಎಲ್ಲಾ ಮುಚ್ಚಿ ಹಿಡದಿಡತೀನಿ
ಕೋಳಿ ಮ್ಯಾಗ ಬುಟ್ಟಿ ಡಬ್ಬ ಹಾಕಿದಂಗ.
ಸ್ಲ್ಯಾಬಿಗೆ ಎರಡು ಕೈ ಸುಣ್ಣಾನೂ ಹೊಡದೀನಿ.
ಎಲ್ಲಾ ಲೆಕ್ಕ ಕೂಡಿತು.

ಒಂದು ಕೂಡಲಿಲ್ಲ.
ಕ್ಯಾಷ್ ಕೌಂಟರಿನ ಕಸ್ತೂರಕ್ಕ
ಹತ್ತಕ್ಕ ಶಾಲು ಹೊದ್ದಾಕಿ
ಹನ್ನೊಂದೂವರೆಗೆ ಒಮ್ಮಿಂದೊಮ್ಮೆಲೆ ಮಾರಿ ಕೆಂಪಾಗಿ
ಚಲನ್ ಪುಸ್ತಕದಿಂದ ಗಾಳಿ ಹಾಕ್ಕೊಂತ ಕೂಡತಾಳ,
ಎಣಿಸಿದ ನೋಟು ಮತ್ತ ಎಣಸತಾಳ.
ಹತ್ತು ಮಿನಿಟು. ತಿರಗಿ ಶಾಲು.
"ಜ್ವರ ಏನ್ರೀ ಅಕ್ಕಾರ?"
"ಇಲ್ಲಪಾ, ವಯಸ್ಸು."

ತಿಳೀಲಿಲ್ಲ. ಮನ್ಯಾಗ ಕೇಳಿದೆ.
ಜೈನಬಿ ರೊಟ್ಟಿ ಬಡಿಯೂದು ನಿಲ್ಲಿಸಲಿಲ್ಲ:
"ಒಳಗ ಒಲಿ ಹತ್ತತೈತಿ.
ಅದನ್ನ ಯಾವ ಸುತ್ತೋಲೆ ಆರಸತೈತಿ?
ಎರಡು ವರ್ಷಾತು ನನಗ. ನೀ ಈಗ ಕೇಳತಿ."

ಆ ರಾತ್ರಿ ಮಾಳಿಗಿ ಮ್ಯಾಗ ಮಲಗಿ ನೆನಪ ಮಾಡಿದೆ,
ನಮ್ಮನಿ ಟೇಬಲ್ ಫ್ಯಾನು ಯಾವ ಕಡೆ ಮಾರಿ ಮಾಡಿರತೈತಿ ಅಂತ.
ನನ್ನ ಕಡೆ.

ಮರುದಿನ ಏಣಿ ಹಾಕಿ
ಕೌಂಟರಿನ ಮ್ಯಾಗಿನ ಜಾಳಗಿ ಪಟ್ಟಿ ಸಡಲ ಮಾಡಿ
ಒಂದು ದಾರ ಇಳಿಬಿಟ್ಟೆ.
ಜೈನಬಿ ಹರದು ಕೊಟ್ಟದ್ದು,
ಗುಳೇದಗುಡ್ಡದ ಖಣದ ಅಂಚು.
ಜಗ್ಗಿದರ ಗಾಳಿ ಮಾರಿಗೆ, ಬಿಟ್ಟರ ಗ್ವಾಡಿಗೆ.
ಅದರ ಮ್ಯಾಗ ಯಾವ ಅಂಕಿನೂ ಬರದಿಲ್ಲ.

ಬಿಲ್ಲು ಇಳೀತು. ಸಾಹೇಬರ ಹೆಸರಿಲೆ ಪ್ರಶಸ್ತಿ ಪತ್ರ ಬಂತು,
ಬಿಳೇ ಡಬ್ಬಿ ಪಕ್ಕ ಮಳಿ ಹೊಡದು
ನಾನ ತೂಗಹಾಕಿದೆ.
ಹನ್ನೊಂದೂವರೆಗೆ ಕಸ್ತೂರಕ್ಕ
ತಲಿ ಎತ್ತಲಾರದ ದಾರ ಜಗ್ಗತಾಳ,
ನೋಟು ಒಂದ ಸಲ ಎಣಸತಾಳ.

ಮನ್ಯಾಗ ಫ್ಯಾನು ಜೈನಬಿನ ತಿರುವಿಕೊಂಡಾಳ,
ನನ್ನ ಕೇಳಲಿಲ್ಲ.
ಸೆಕಿ ಐತಿ.
ಸುಮ್ಮನ ಮಲಗತೀನಿ.